ಆರು ನಿಮಿಷದ ನಡಿಗೆ, ಮನೆಯ ತೂಕ: ಪಲ್ಮನರಿ ಹೈಪರ್‌ಟೆನ್ಷನ್ ರೋಗಿಗಳೊಂದಿಗೆ ನನ್ನ ಅನುಭವ

ಬಾಗಲಕೋಟೆಯ ನಮ್ಮ ಹೃದ್ರೋಗ ವಿಭಾಗದಲ್ಲಿ ಪಲ್ಮನರಿ ಹೈಪರ್‌ಟೆನ್ಷನ್ (ಪಿ.ಎಚ್., ಅಂದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವ ಕಾಯಿಲೆ) ರೋಗಿಗಳಿಗೆ, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆಂದು ನೋಡುವ ನಡಿಗೆ ಪರೀಕ್ಷೆಯನ್ನೂ ಮನೆಯ ತೂಕದ ಲೆಕ್ಕವನ್ನೂ ನರ್ಸ್‌ಗಳೇ ನೋಡಿಕೊಳ್ಳಲಿ ಎಂದು ನಾನು ಹೇಳಿದಾಗ, ಎಕೋ (ಹೃದಯದ ಅಲ್ಟ್ರಾಸೌಂಡ್) ಇರುವಾಗ ಇದೆಲ್ಲ ಯಾಕೆ ಎಂದವರೇ ಹೆಚ್ಚು. ಈಗ ಔಷಧ ಬದಲಿಸುವ ಮುನ್ನ ವೈದ್ಯರು ನನ್ನ ನೋಟುಪುಸ್ತಕ ಕೇಳುತ್ತಾರೆ.

ಅವರ ಮನಸ್ಸು ಬದಲಾದದ್ದು ಮುಧೋಳದ ಕಡೆಯ ಒಬ್ಬ ರೋಗಿಯಿಂದ. ಎಕೋದಲ್ಲಿ ಒತ್ತಡದ ಅಂಕಿ ಇಳಿದಿತ್ತು, ಎಲ್ಲರೂ ಸಮಾಧಾನಪಟ್ಟಿದ್ದರು. ಆದರೆ 380 ಮೀಟರಿನಷ್ಟು ನಡೆಯುತ್ತಿದ್ದವರು 300ರ ಒಳಗೆ ಬಂದಿದ್ದರು. ಶ್ವಾಸಕೋಶಕ್ಕೆ ರಕ್ತ ತಳ್ಳುವ ಬಲ ಹೃತ್ಕುಕ್ಷಿ ಸೋತಾಗ ಒತ್ತಡ ಹುಟ್ಟಿಸುವ ಶಕ್ತಿಯೇ ಅದಕ್ಕೆ ಉಳಿಯುವುದಿಲ್ಲವಾದ್ದರಿಂದ, ಅಂಕಿ ಇಳಿದ ಮಾತ್ರಕ್ಕೆ ರೋಗಿ ಸುಧಾರಿಸಿದ್ದಾನೆಂದು ಹೇಳಲಾಗದು ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿಯೇ, ಆದರೆ ಅದನ್ನು ಕಣ್ಣೆದುರು ಹಿಡಿದದ್ದು ನಡಿಗೆ.

30 ಮೀಟರಿನ ನೇರ ಕಾರಿಡಾರ್ ನಮಗೆ ಸಿಗಲಿಲ್ಲ. 20 ಮೀಟರಿಗೆ ಟೇಪ್ ಅಂಟಿಸಿಕೊಂಡೆ. ತಿರುವು ಹೆಚ್ಚಾದಷ್ಟೂ ದೂರ ಕಡಿಮೆಯಾಗುತ್ತದೆ. ಆದ್ದರಿಂದ ರೋಗಿಯನ್ನು ಅವರ ಹಿಂದಿನ ನಡಿಗೆಗೇ ಹೋಲಿಸುತ್ತೇನೆ, ಬೇರೆ ಆಸ್ಪತ್ರೆಯ ಅಂಕಿಗಲ್ಲ. ಮೊದಲ ಬೇಸಿಗೆಯ ಲೆಕ್ಕವೆಲ್ಲ ವ್ಯರ್ಥವಾಯಿತು. ಬೆಳಗ್ಗೆ ನಡೆದವರನ್ನು ಮುಂದಿನ ಭೇಟಿಯಲ್ಲಿ ಮೇ ತಿಂಗಳ ಮಧ್ಯಾಹ್ನ ನಡೆಸಿದರೆ 40-50 ಮೀಟರ್ ಕಡಿಮೆ ಬರುತ್ತಿತ್ತು, ಮತ್ತು 30 ಮೀಟರಿನ ಆಸುಪಾಸಿನ ವ್ಯತ್ಯಾಸಕ್ಕೇ ಅರ್ಥವಿರುವ ಪರೀಕ್ಷೆಯಲ್ಲಿ ಅಂಥ ಅಂಕಿಗಳಿಂದ ಏನೂ ಹೇಳಲಾಗುವುದಿಲ್ಲ. ಈಗ ಅದೇ ಹೊತ್ತು, ಅದೇ ಚಪ್ಪಲಿ, ಮತ್ತು ಸಂಬಂಧಿಕರು ಜೊತೆಯಲ್ಲಿ ಹೆಜ್ಜೆ ಹಾಕುವಂತಿಲ್ಲ. ಎದೆನೋವು, ತಲೆಸುತ್ತು ಬಂದರೆ ಅಥವಾ ರಕ್ತದ ಆಮ್ಲಜನಕ ಶೇ. 80ಕ್ಕಿಂತ ಕೆಳಗಿಳಿದರೆ ನಿಲ್ಲಿಸುತ್ತೇನೆ. ಸ್ಕ್ಲೆರೋಡರ್ಮಾ (ಚರ್ಮ ಗಟ್ಟಿಯಾಗುವ ಕಾಯಿಲೆ) ಇದ್ದವರ ತಣ್ಣನೆಯ ಬೆರಳುಗಳಲ್ಲಿ ಆಮ್ಲಜನಕ ಅಳೆಯುವ ಪ್ರೋಬ್ ಸುಳ್ಳು ಅಂಕಿ ತೋರಿಸುತ್ತಿದ್ದುದರಿಂದ ಹಣೆಗೆ ಅಂಟಿಸುವ ಪ್ರೋಬನ್ನು ಪಟ್ಟು ಹಿಡಿದು ತರಿಸಿಕೊಂಡೆ. ಅದಕ್ಕಾದ ಖರ್ಚು ಉಳಿದೆಲ್ಲ ಸಾಮಾನಿನ ಖರ್ಚಿಗಿಂತ ಹೆಚ್ಚು.

ಹೃದಯ ಸೋತಾಗ ಮೈಯಲ್ಲಿ ನೀರು ತುಂಬಿ ತೂಕ ಏರುತ್ತದೆ; ಅದನ್ನು ಹಿಡಿಯುವ ತೂಕದ ಕೆಲಸ ಇನ್ನೂ ಹೆಚ್ಚು ಸತಾಯಿಸಿತು. ಮನೆಗಳಲ್ಲಿ ತೂಕದ ಯಂತ್ರವಿರಲಿಲ್ಲ. ಸುಮಾರು 900 ರೂಪಾಯಿಯ ಏಳೆಂಟು ಯಂತ್ರಗಳನ್ನು ಸ್ವಂತ ಹಣದಲ್ಲಿ ಕೊಂಡು ಎರವಲು ಕೊಟ್ಟೆ. ಎರಡು ಕೆಟ್ಟವು, ಒಂದು ಮರಳಿ ಬರಲೇ ಇಲ್ಲ. ಮಣ್ಣಿನ ನೆಲದ ಮೇಲೆ ಇಟ್ಟವರ ತೂಕ ದಿನಕ್ಕೊಂದು ರೀತಿ ಬರುತ್ತಿತ್ತು. ಫರ್ಸಿ ಕಲ್ಲಿನ ಮೇಲೆ, ಮುಂಜಾನೆ ಮೂತ್ರ ವಿಸರ್ಜನೆಯ ನಂತರ, ಏನೂ ತಿನ್ನುವ ಮುನ್ನ ಎಂದು ಕಟ್ಟುನಿಟ್ಟು ಮಾಡಿದ ಮೇಲೆ ಅಂಕಿಗಳು ಹದಕ್ಕೆ ಬಂದವು. ಹಾಳೆಯಲ್ಲಿ ಬರೆದಿಡುವ ಪದ್ಧತಿ ನಡೆಯಲಿಲ್ಲ, ಫೋನ್ ನಡೆಯಿತು. ಬನಶಂಕರಿ ಜಾತ್ರೆಯ ವಾರದಲ್ಲಿ "ಅಕ್ಕಾರ, ಎರಡ್ ಕೇಜಿ ಏರೇತ್ರಿ" ಎಂದು ಕರೆ ಬಂದರೆ ಅದೇ ದಿನ ವೈದ್ಯರಿಗೆ ಹೇಳಿ ಮೂತ್ರದ ಮಾತ್ರೆಯ ಪ್ರಮಾಣ ಸರಿಪಡಿಸುತ್ತೇವೆ. ಮೊದಲಾಗಿದ್ದರೆ ಕಾಲು ಬಾತು ವಾರ್ಡಿಗೆ ಸೇರುತ್ತಿದ್ದರು. ಉಪ್ಪು ಬಿಡಿ ಎಂದಷ್ಟೇ ಹೇಳಿದರೆ ನಮ್ಮಲ್ಲಿ ಪ್ರಯೋಜನವಿಲ್ಲ. ರೊಟ್ಟಿಗೆ ಉಪ್ಪು ಹಾಕುವ ರೂಢಿಯೇ ಇಲ್ಲ. ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳಗಳನ್ನು ಹೆಸರಿಟ್ಟು ಕೇಳಬೇಕು.

ಔಷಧದ ಚೀಲವನ್ನು ಪ್ರತಿ ಸಲವೂ ಮೇಜಿನ ಮೇಲೆ ಬರಿದು ಮಾಡಿಸುತ್ತೇನೆ. ಪಿ.ಎಚ್.ಗೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧವೇ) ಜೊತೆಗೆ, ಎದೆನೋವಿಗೆಂದು ಊರಲ್ಲಿ ಯಾರೋ ಕೊಟ್ಟ ಸಾರ್ಬಿಟ್ರೇಟ್ ಎಂಬ ನೈಟ್ರೇಟ್ ಮಾತ್ರೆ ಸಿಕ್ಕಿದ್ದುಂಟು. ಆ ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಲಿವರ್‌ಗೂ ಗರ್ಭದ ಮಗುವಿಗೂ ಹಾನಿ ಮಾಡಬಲ್ಲ ಪಿ.ಎಚ್. ಔಷಧ ಬೋಸೆಂಟಾನ್ ಸೇವಿಸುವ ಯುವತಿಯರಿಗೆ ಲಿವರ್ ಪರೀಕ್ಷೆಯ ದಿನವನ್ನೂ ಗರ್ಭನಿರೋಧದ ಮಾತನ್ನೂ ಅತ್ತೆಯ ಎದುರಿಗಲ್ಲದೆ ಪ್ರತ್ಯೇಕವಾಗಿ ಕೂರಿಸಿ ಹೇಳುತ್ತೇನೆ. ದಿನಕ್ಕೆ ಮೂರು ಬಾರಿಯ ಸಿಲ್ಡೆನಾಫಿಲ್ ಮಾತ್ರೆ ತಿಂಗಳ ಕೊನೆಗೆ ಒಂದಕ್ಕೆ ಇಳಿಯುವುದು ಹೆಚ್ಚಾಗಿ ದುಡ್ಡಿನ ಕಾರಣಕ್ಕೆ, ಕೆಲವೊಮ್ಮೆ ಅಂಗಡಿಯಲ್ಲಿ ಆ ಮಾತ್ರೆ ಕೇಳುವ ನಾಚಿಕೆಗೆ. ಅದನ್ನು ರೋಗಿಯೇ ಬಾಯಿಬಿಟ್ಟು ಹೇಳುವಂತೆ ನಾನು ಕೇಳುವ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ; ನನ್ನೊಂದಿಗೆ ಒಂದು ಬೆಳಗ್ಗೆ ಕುಳಿತ ಸಹೋದ್ಯೋಗಿಗಳಿಗೆ ಅದು ಗೊತ್ತಾಗುತ್ತದೆ.

ಇಳಕಲ್, ಜಮಖಂಡಿ ಕಡೆಯಿಂದ ಪದೇ ಪದೇ ಬರಲಾಗದವರಿಗಾಗಿ ಒಂದು ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆಂಬ ಪರೀಕ್ಷೆಯನ್ನು ಈಚೆಗೆ ಪ್ರಯತ್ನಿಸುತ್ತಿದ್ದೇನೆ. ಮೊಣಕಾಲು ನೋವಿದ್ದವರಲ್ಲಿ ಅದು ಕೈಕೊಡುತ್ತದೆ. ಉಳಿದವರಲ್ಲಿ ನಡಿಗೆಯ ದೂರದೊಂದಿಗೆ ಅದು ಸರಿಹೊಂದುತ್ತದೆಯೇ ಎಂದು ನೋಡಲು, ಎರಡನ್ನೂ ಒಂದೇ ಬೆಳಗ್ಗೆ, ನಡುವೆ ಅರ್ಧ ಗಂಟೆಯ ವಿಶ್ರಾಂತಿ ಕೊಟ್ಟು ಮಾಡಿಸಿ, ಪಕ್ಕಪಕ್ಕದಲ್ಲಿ ಬರೆದಿಡುತ್ತಿದ್ದೇನೆ.