ಹರಾಜಿನ ಫ್ರೆಂಚ್ ಅಮೃತಶಿಲೆ ವಿಗ್ರಹ: ಬಿಡ್ ಹಾಕುವ ಮುಂಚೆ ಬೆನ್ನು ನೋಡಿ

ಮೈಸೂರಲ್ಲಿ ಕೂತು ಪ್ಯಾರಿಸ್ಸಿನ ಹರಾಜಿಗೆ ಮೊಬೈಲಿನಲ್ಲೇ ಬಿಡ್ ಹಾಕಬಹುದು. ಫೋಟೋದಲ್ಲಿ ಮುಖ ಚೆನ್ನಾಗಿದೆ ಅಂತ ಮರುಳಾಗಿ ಬೆಲೆ ಏರಿಸುತ್ತಾ ಹೋಗುವವರೇ ಜಾಸ್ತಿ. ಮುಖ ಆಮೇಲೆ ನೋಡೋಣ.

ಮೊದಲು ವಿಗ್ರಹ ಯಾರದು ಅಂತ ತಿಳಿದುಕೊಳ್ಳಿ. ನಾವು ಶಂಖ ಚಕ್ರ ನೋಡಿ ವಿಷ್ಣು ಅನ್ನುತ್ತೇವಲ್ಲ, ಅಲ್ಲೂ ಅದೇ ಲೆಕ್ಕ. ತಲೆ ಮೇಲೆ ಚಂದ್ರಕಲೆ, ಕೈಯಲ್ಲಿ ಬಿಲ್ಲು ಇದ್ದರೆ ಬೇಟೆಯ ದೇವತೆ ಡಯಾನಾ. ದ್ರಾಕ್ಷಿ ಗೊಂಚಲಿದ್ದರೆ ಮದ್ಯದ ದೇವತೆ ಬ್ಯಾಕಸ್. ರೆಕ್ಕೆಯ ಹುಡುಗ ತುಟಿ ಮೇಲೆ ಬೆರಳಿಟ್ಟು ಕೂತಿದ್ದರೆ ಅದು ಫ್ರೆಂಚ್ ಶಿಲ್ಪಿ ಫಾಲ್ಕೊನೆ ಮಾಡಿದ ಪ್ರೇಮದೇವತೆ ಕ್ಯುಪಿಡ್. ಅದರ ಅಮೃತಶಿಲೆಯ ವಿಗ್ರಹ 1757ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿತ್ತು. ಜನಕ್ಕೆ ಎಷ್ಟು ಹಿಡಿಸಿತೆಂದರೆ ಮುಂದಿನ ಶತಮಾನದ ತುಂಬ ಅದರ ನಕಲುಗಳೇ. ಆದ್ದರಿಂದ ಕ್ಯಾಟಲಾಗಿನಲ್ಲಿ ಶಿಲ್ಪಿಯ ಹೆಸರಿಗೆ ಮುಂಚೆ ‘ಆಫ್ಟರ್’ ಅಂತಿದ್ದರೆ ಬೇರೆಯವರು ಮಾಡಿದ ನಕಲು ಅಂತಲೇ ಹಿಡಿಯಿರಿ. ನಕಲು ಕೊಳ್ಳಬಾರದು ಅಂತಿಲ್ಲ, ನಕಲಿನ ಬೆಲೆ ಕೊಡಿ ಅಷ್ಟೆ.

ಆಮೇಲೆ ಬೆನ್ನು, ಕಾಲು, ಪೀಠದ ಫೋಟೋ ಕೇಳಿ. ‘ಕಂಡೀಶನ್ ರಿಪೋರ್ಟ್’, ಅಂದರೆ ವಿಗ್ರಹ ಯಾವ ಸ್ಥಿತಿಯಲ್ಲಿದೆ ಅನ್ನುವ ವರದಿ, ಅಂತ ಕೇಳಿದರೆ ಒಳ್ಳೆ ಹರಾಜು ಸಂಸ್ಥೆಗಳು ಕಳಿಸುತ್ತವೆ. ಫ್ರೆಂಚ್ ಶಿಲ್ಪಿ ಉದೂನ್ 1780ರಲ್ಲಿ ಕೆತ್ತಿದ ಡಯಾನಾ ಲಿಸ್ಬನ್ನಿನ ಗುಲ್ಬೆಂಕಿಯನ್ ಮ್ಯೂಸಿಯಂನಲ್ಲಿದೆ. ಓಡುವ ಭಂಗಿ, ಒಂದೇ ಕಾಲ ಮೇಲೆ ನಿಂತಿದ್ದಾಳೆ. ಅಷ್ಟು ಭಾರವನ್ನು ಕಲ್ಲಿನ ಒಂಟಿ ಕಾಲು ತಡೆಯುವುದಿಲ್ಲ, ಅದಕ್ಕೇ ಪಕ್ಕದಲ್ಲಿ ಜೊಂಡಿನ ಗಿಡಗಳನ್ನು ಕೆತ್ತಿ ಆಸರೆ ಕೊಟ್ಟಿದ್ದಾನೆ. ಲೂವ್ರ್‌ನಲ್ಲಿರುವ ಉದೂನನದೇ ಕಂಚಿನ ಡಯಾನಾಗೆ ಆ ಆಸರೆ ಬೇಕಾಗಿಲ್ಲ. ನೀವು ನೋಡುತ್ತಿರುವ ದೊಡ್ಡ ‘ಅಮೃತಶಿಲೆ’ ವಿಗ್ರಹ ಮರದ ಬೊಡ್ಡೆ, ಬಟ್ಟೆಯ ನೆರಿಗೆ ಏನೂ ಇಲ್ಲದೆ ಸಣ್ಣ ಕಣಕಾಲಿನ ಮೇಲೆ ನಿಂತಿದೆಯಾ? ರೆಸಿನ್, ಅಂದರೆ ಪ್ಲಾಸ್ಟಿಕ್ಕಿನಂಥ ರಾಳ ಸುರಿದು ಮಾಡಿದ ಅಚ್ಚಿರಬಹುದು. ಅಚ್ಚಿನದಾದರೆ ಸೂಕ್ಷ್ಮವಾಗಿ ನೋಡಿದಾಗ ಗುಳ್ಳೆಯ ತೂತು, ಜೋಡಣೆಯ ಗೆರೆ ಕಾಣಬಹುದು. ಕೆತ್ತಿದ್ದಾದರೆ ಕೂದಲಿನ ಸುರುಳಿಯೊಳಗೆ, ಕಂಕುಳಲ್ಲಿ, ಪೀಠದ ಹಿಂದೆ ಉಳಿ ಅಥವಾ ಬೈರಿಗೆಯ ಗುರುತು ಸಾಮಾನ್ಯವಾಗಿ ಉಳಿದಿರುತ್ತದೆ. ಈ ಫೋಟೋಗಳನ್ನು ನಮ್ಮ ಮೈಸೂರಿನ ಶಿಲ್ಪಿಗಳಿಗೆ ತೋರಿಸಿ. ಅವರು ಕೆತ್ತುವುದು ಕೃಷ್ಣಶಿಲೆ ಆದರೂ ಉಳಿಯ ಗುರುತು ಅವರ ಕಣ್ಣಿಗೆ ತಕ್ಷಣ ಸಿಗುತ್ತದೆ.

ಮುರಿದು ಅಂಟಿಸಿರುವುದು ಸಾಮಾನ್ಯವಾಗಿ ಕುತ್ತಿಗೆ, ಮಣಿಕಟ್ಟು, ಬೆರಳು, ಬಿಲ್ಲಿನ ತುದಿಯಲ್ಲಿ. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಾಕಿದರೆ ಅಂಟಿನ ಜಾಗ ಸಾಮಾನ್ಯವಾಗಿ ಬೇರೆ ಬಣ್ಣಕ್ಕೆ ಹೊಳೆಯುತ್ತದೆ, ಆ ಫೋಟೋನೂ ಕೇಳಿ. ವರ್ಷಗಟ್ಟಲೆ ತೋಟದಲ್ಲಿ ಮಳೆಗೆ ನೆಂದ ಕಲ್ಲಿನ ಮೈ ಮಂಡ್ಯದ ಸಕ್ಕರೆ ಹಾಗೆ ಹರಳು ಹರಳಾಗಿ, ಬೆರಳಾಡಿಸಿದರೆ ಪುಡಿ ಉದುರುತ್ತಿರುತ್ತದೆ. ಅಂಥದ್ದನ್ನು ನಾನಾದರೆ ಬಿಟ್ಟುಬಿಡುತ್ತೇನೆ, ಕಳೆದುಹೋದ ಮೈ ಮತ್ತೆ ಬರಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಸುತ್ತಿಗೆ ಬಿದ್ದ ಬೆಲೆ ಕೊನೆಯದಲ್ಲ. ಅದರ ಮೇಲೆ ಬೈಯರ್ಸ್ ಪ್ರೀಮಿಯಂ (ಕೊಂಡವರಿಂದ ಹರಾಜು ಸಂಸ್ಥೆ ತೆಗೆದುಕೊಳ್ಳುವ ಕಮಿಷನ್), ಪ್ಯಾಕಿಂಗ್, ಸಾಗಣೆ, ವಿಮೆ, ಕಸ್ಟಮ್ಸ್ ಎಲ್ಲ ಸೇರುತ್ತದೆ. ಒಂದು ಘನ ಅಡಿ ಅಮೃತಶಿಲೆ ಸುಮಾರು 75 ಕೆಜಿ ತೂಗುತ್ತದೆ, ಸಾಗಣೆಗೆ ಎಷ್ಟಾಗಬಹುದು ಯೋಚಿಸಿ. ಎಲ್ಲ ಕೂಡಿಸಿ ಒಂದು ಗಡಿ ಬರೆದಿಟ್ಟುಕೊಂಡೇ ಹರಾಜಿಗೆ ಕೂರಿ. ಇನ್ನೊಂದು ವಿಷಯ, 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಶಿಲ್ಪವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮುಂದೆ ಲಂಡನ್ನಿನಲ್ಲಿ ಮಾರಿ ಲಾಭ ಮಾಡುವ ಯೋಚನೆ ಇದ್ದರೆ ಮೊದಲೇ ಕಸ್ಟಮ್ಸ್ ಏಜೆಂಟ್ ಹತ್ತಿರ ಮಾತಾಡಿ.

ಮನೆಗೆ ಬಂದ ಮೇಲೆ ಮರದ ತೊಲೆಯ ಹಳೇ ಮದ್ರಾಸ್ ತಾರಸಿಯ ಮಹಡಿಗೆ ಹತ್ತಿಸಬೇಡಿ, ಭಾರ ತಡೆಯದಿರಬಹುದು, ಕೆಳಗೇ ಇರಲಿ. ಒಣ ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದರೆ ಸಾಕು. ಹುಣಸೆಹಣ್ಣು, ನಿಂಬೆರಸ ಹತ್ತಿರ ಸುಳಿಯಬಾರದು, ಹುಳಿ ಕಲ್ಲನ್ನೇ ತಿನ್ನುತ್ತದೆ. ದೇವತೆ ಅಂತ ಗೊತ್ತಾದರೆ ಮನೆಯಲ್ಲಿ ಯಾರಾದರೂ ಶುಕ್ರವಾರ ಅರಿಶಿನ ಕುಂಕುಮ ಇಟ್ಟೇಬಿಡುತ್ತಾರೆ, ಅಲ್ವಾ? ಆ ಕಲೆ ಕಲ್ಲಿನೊಳಗೆ ಇಳಿದುಬಿಡುತ್ತದೆ. ಅವರಿಗೂ ಮೊದಲೇ ಹೇಳಿಡಿ.