ಅಪ್ಪನ ಎಚ್‌ಎಂಟಿ ಗಡಿಯಾರ ಹಿಡಿದು ಮಾಡಿದ ಪಾಠ

ತುಮಕೂರಿನ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಆರ್ಥಿಕ ಬೆಳವಣಿಗೆಯ ಸಿದ್ಧಾಂತಗಳನ್ನು ಬಹಳ ವರ್ಷ ಇಸವಿಯ ಸಾಲಿನಲ್ಲೇ ಹೇಳುತ್ತಿದ್ದೆ: 1956ರ ಸೋಲೋ, 1990ರ ರೋಮರ್, 1992ರ ಅಗಿಯೋನ್ ಮತ್ತು ಹೋವಿಟ್. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಿದ್ದರು. ಇವರ ನಡುವೆ ಜಗಳ ಎಲ್ಲಿದೆ ಎಂದು ಕೇಳಿದರೆ ಮಾತ್ರ ತರಗತಿ ಮೌನ.

ಒಂದು ದಿನ ಅಪ್ಪನ ಕೀ ಕೊಡುವ ಎಚ್‌ಎಂಟಿ ಗಡಿಯಾರವನ್ನು ಮೇಜಿನ ಮೇಲಿಟ್ಟು ಶುರುಮಾಡಿದೆ. ನಮ್ಮೂರಲ್ಲೂ ಅದರ ಕಾರ್ಖಾನೆ ಇತ್ತು. ಕೆಲವು ಮಕ್ಕಳ ಅಜ್ಜಂದಿರು ಅಲ್ಲೇ ದುಡಿದವರು.

ಸೋಲೋ ಬೇಗ ಅರ್ಥವಾದರು. ಅಷ್ಟೇ ಜನರಿಗೆ ಯಂತ್ರ ಹೆಚ್ಚಿಸುತ್ತಾ ಹೋದರೆ ಪ್ರತಿ ಹೊಸ ಯಂತ್ರದ ಫಲ ಇಳಿಯುತ್ತದೆ. 1909ರಿಂದ 1949ರವರೆಗಿನ ಅಮೆರಿಕದ ಲೆಕ್ಕದಲ್ಲಿ, ದುಡಿಮೆಯ ಗಂಟೆಯೊಂದರ ಉತ್ಪನ್ನ ಹೆಚ್ಚಿದ್ದರಲ್ಲಿ ಎಂಟರಲ್ಲಿ ಏಳು ಪಾಲು ತಾಂತ್ರಿಕ ಬದಲಾವಣೆಯದೆಂದು ಅವರೇ ಕಂಡುಕೊಂಡರು. ಆ ಏಳು ಪಾಲು ಎಲ್ಲಿಂದ ಬಂತು? ಅವರ ಮಾದರಿಯೊಳಗೆ ಉತ್ತರವಿಲ್ಲ.

ರೋಮರ್ ಉತ್ತರ: ಜನ ಹಣ, ಸಮಯ ಸುರಿದು ಹುಡುಕಿದ ಜ್ಞಾನದಿಂದ. 1961ರಲ್ಲಿ ಎಚ್‌ಎಂಟಿಯ ಬೆಂಗಳೂರಿನ ಕಾರ್ಖಾನೆ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಗಡಿಯಾರ ಮಾಡತೊಡಗಿತು. ಲೋಹ ಕಡೆಯುವ ಒಂದು ಲೇತ್ ಯಂತ್ರ ಒಟ್ಟಿಗೇ ಎರಡು ಊರಲ್ಲಿ ಓಡದು. ಒಂದು ವಿನ್ಯಾಸ ಎಷ್ಟು ಊರಲ್ಲಾದರೂ ಓಡುತ್ತದೆ.

ಆದರೆ ರೋಮರ್ ಮಾದರಿಯಲ್ಲಿ ಹೊಸ ವಸ್ತು ಹಳೆಯದರ ಪಕ್ಕದಲ್ಲಿ ಬಂದು ಕೂರುತ್ತದೆ, ಹಳೆಯದು ಸಾಯುವುದಿಲ್ಲ. ಅಗಿಯೋನ್ ಮತ್ತು ಹೋವಿಟ್ ಪ್ರಕಾರ ಹೊಸತು ಬರುವುದೇ ಹಳೆಯದರ ಲಾಭವನ್ನು ಕಿತ್ತುಕೊಂಡು. ನಾನು ಹುಡುಕುತ್ತಿದ್ದ ಜಗಳ ಇದೇ. 1984ರಲ್ಲಿ ಹುಟ್ಟಿ ಹೊಸೂರಿನಲ್ಲಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರ ಮಾಡಿದ ಟೈಟನ್, 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ, ಎರಡನ್ನೂ ಬೋರ್ಡಿನ ಮೇಲೆ ಬರೆದೆ.

"ಸರ್, ಎಚ್‌ಎಂಟಿನೂ ಕ್ವಾರ್ಟ್ಜ್ ಮಾಡಿತ್ತಲ್ಲ, ನಮ್ಮನೇಲಿದೆ" ಎಂದಳು ಒಬ್ಬಳು. ಆ ವರ್ಷ ನಾನು ಕೇಳಿದ ಅತ್ಯುತ್ತಮ ಮಾತು ಅದು. ಜ್ಞಾನ ಕೈಯಲ್ಲಿದ್ದೂ ಮಾರುಕಟ್ಟೆಯಲ್ಲಿ ಆಗಲೇ ನೆಲೆಯೂರಿದ ಹಳಬರು ಹೊಸದರ ಬೆನ್ನು ಹತ್ತುವುದು ಏಕೆ ಕಡಿಮೆ? ಹೊಸದು ಗೆದ್ದರೆ ಅವರದೇ ಹಳೆಯ ಲಾಭ ಕರಗುತ್ತದೆ. ಹೊಸಬನಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಎಚ್‌ಎಂಟಿ ಕಥೆಗೆ ಇದೊಂದೇ ಕಾರಣವಲ್ಲ, ಅದನ್ನೂ ಹೇಳಿದೆ.

ಮರುದಿನ ಅವಳು ಅಜ್ಜನನ್ನು ಕೇಳಿಕೊಂಡು ಬಂದಳು. ಸಣ್ಣ ಚಕ್ರಗಳನ್ನು ಜೋಡಿಸುವುದರಲ್ಲಿ ಅವರ ಕೈ ಪಳಗಿತ್ತಂತೆ. ಕ್ವಾರ್ಟ್ಜ್‌ಗೆ ಅಷ್ಟು ಕೈಕೆಲಸ ಬೇಕಿರಲಿಲ್ಲ. ಆ ನಷ್ಟ ಯಾವ ಸಮೀಕರಣದಲ್ಲಿ ಬರುತ್ತೆ ಸರ್, ಎಂದಳು. ಮೂರೂ ಮಾದರಿಗಳನ್ನು ಮತ್ತೆ ಬೋರ್ಡಿನ ಮೇಲೆ ಬರೆದು ಒಟ್ಟಿಗೆ ಹುಡುಕಿದೆವು.