ಅಮ್ಮಿಯ ಮಂಡಿ ಮಾತ್ರೆ ಹಲಾಲಾ? ಡಬ್ಬಿ ಓದುವುದು ಹೀಗೆ

ನಮ್ಮ ಅಮ್ಮಿಗೆ ಮಂಡಿ ನೋವು. ಮನೆ ಇರುವುದೂ ಮೈಸೂರಿನ ಮಂಡಿ ಮೊಹಲ್ಲಾದಲ್ಲೇ. ಮನೆಯಲ್ಲಿ ಇದೊಂದು ಹಳೇ ಜೋಕು. ಮೊನ್ನೆ ನೆಂಟರೊಬ್ಬರು ಮೂರು ಡಬ್ಬಿ ತಂದುಕೊಟ್ಟರು. ಒಂದು ಮೀನೆಣ್ಣೆ, ಒಂದು ಗ್ಲುಕೋಸಮೀನ್, ಇನ್ನೊಂದು ಕೊಲಾಜೆನ್ (ಪ್ರಾಣಿಗಳ ಚರ್ಮ, ಮೂಳೆಯ ಪ್ರೋಟೀನ್) ಪುಡಿ. ಅಮ್ಮಿ ಮೂರನ್ನೂ ಫ್ರಿಜ್ ಮೇಲೆ ಸಾಲಾಗಿಟ್ಟು, "ಮೀನೆಣ್ಣೆ ಸರಿ ಬೇಟಾ, ಮೀನು ಹಲಾಲೇ. ಮಿಕ್ಕ ಎರಡನ್ನ ನೋಡಿ ಹೇಳು" ಅಂದರು.

ನೋಡಲು ಕೂತರೆ ಮೊದಲು ಸಿಕ್ಕಿಬಿದ್ದಿದ್ದೇ ಆ ಮೀನೆಣ್ಣೆ.

ಎಣ್ಣೆಯಲ್ಲಿ ತಕರಾರಿಲ್ಲ. ಮೀನಿಗೆ ಜಬೀಹಾ, ಅಂದರೆ ಇಸ್ಲಾಮಿನ ವಿಧಿಯಂತೆ ಕೊಯ್ಯುವುದು, ಬೇಕಿಲ್ಲ. ಆದರೆ ಎಣ್ಣೆ ತುಂಬಿದ ಆ ಮೆತ್ತನೆ, ಹೊಳೆಯುವ ಹೊದಿಕೆ ಇದೆಯಲ್ಲ, ಅದು ಜೆಲಟಿನ್. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವುದು. ಹಂದಿಯದ್ದಾದರೆ ಹರಾಮ್, ಮಾತೇ ಇಲ್ಲ. ದನದ್ದಾದರೂ ಜಬೀಹಾ ಆಗಿತ್ತಾ ಎಂಬ ಪ್ರಶ್ನೆ ಉಳಿಯುತ್ತದೆ. ಮೀನಿನ ಜೆಲಟಿನ್ ಕೂಡ ಇದೆ, ಅದಾದರೆ ನಿರಾಳ. ಕೈಯಲ್ಲಿ ಹಿಡಿದು, ಹಿಚುಕಿ ನೋಡಿದರೆ ಮೂರೂ ಒಂದೇ ಥರ. ಅದಕ್ಕೇ ಡಬ್ಬಿಯ ಹಿಂಬದಿ ಓದಬೇಕು. ಅಕ್ಷರ ಇರುವೆ ಗಾತ್ರ ಇರುತ್ತದೆ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಕೊಳ್ಳಿ, ಕಣ್ಣಿಗೆ ಹಿಂಸೆ ತಪ್ಪುತ್ತದೆ.

ಮೊದಲು ಹುಡುಕಬೇಕಾದ್ದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ಮುದ್ರೆ, ಅದರ ಕೆಳಗೆ 14 ಅಂಕಿಯ ಲೈಸೆನ್ಸ್ ನಂಬರ್. ಅದಿದ್ದರೆ ಕಾನೂನಿನ ಲೆಕ್ಕದಲ್ಲಿ ಈ ಡಬ್ಬಿ 'ಆಹಾರ'. 'ಔಷಧಿಯಾಗಿ ಬಳಸಲು ಅಲ್ಲ' ಎಂಬ ಸಾಲೂ ಇಂಗ್ಲಿಷಿನಲ್ಲಿ ಇರುತ್ತದೆ. ಆಹಾರ ಅಂದಮೇಲೆ ಹಸಿರು ಅಥವಾ ಕಂದು ಗುರುತು ಇರಲೇಬೇಕು. ಎಫ್‌ಎಸ್‌ಎಸ್‌ಎಐ ಬದಲು ಬರೀ ಔಷಧ ತಯಾರಿಕೆಯ ಲೈಸೆನ್ಸ್ ನಂಬರ್ ಇದ್ದರೆ ಅದು 'ಔಷಧ'. ಔಷಧಕ್ಕೆ ಆ ಗುರುತು ಕಡ್ಡಾಯವಲ್ಲ. ಮೆಡಿಕಲ್ ಶಾಪಿನ ಒಂದೇ ಕಪಾಟಿನಲ್ಲಿ ಎರಡು ವಿಟಮಿನ್ ಅಕ್ಕಪಕ್ಕ ಕೂತಿರುತ್ತವೆ, ಒಂದಕ್ಕೆ ಚುಕ್ಕೆ ಇದೆ, ಇನ್ನೊಂದಕ್ಕೆ ಇಲ್ಲ. ಚುಕ್ಕೆ ಇಲ್ಲ ಎಂದಮಾತ್ರಕ್ಕೆ ಹಲಾಲ್ ಅಂತಲೂ ಅಲ್ಲ, ಹರಾಮ್ ಅಂತಲೂ ಅಲ್ಲ.

ಇನ್ನು ಗುರುತಿನ ವಿಷಯ. ಇಲ್ಲೇ ಜಾಸ್ತಿ ಜನ ಎಡವುವುದು. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರಿ. ಅಂದರೆ ಜೆಲಟಿನ್ ಇಲ್ಲ, ಅಲ್ಲಿಗೆ ಮುಕ್ಕಾಲು ಚಿಂತೆ ಹೋಯಿತು. ಆದರೆ ಆ ಚುಕ್ಕೆ ಆಲ್ಕೋಹಾಲ್ ಬಗ್ಗೆ ಏನೂ ಹೇಳುವುದಿಲ್ಲ. ಹಾಲಿನ ಪದಾರ್ಥ, ಜೇನು, ಜೇನುಮೇಣ, ಅರಗಿನ ಹುಳುವಿನಿಂದ ಬರುವ ಶೆಲಾಕ್, ಇವೆಲ್ಲ ಕಾನೂನಿನ ಪ್ರಕಾರ ಮಾಂಸಾಹಾರದ ಪಟ್ಟಿಯಿಂದ ಹೊರಗೆ. ಮಾತ್ರೆಗೆ ಮಿಂಚು ಕೊಡುವ ಮೇಲ್ಪದರ ಕೆಲವೊಮ್ಮೆ ಈ ಶೆಲಾಕ್‌ನದ್ದೇ.

ಕಂದು ಗುರುತು ಕಂಡ ಕೂಡಲೇ ಹರಾಮ್ ಅಂತ ಡಬ್ಬಿ ಬಿಸಾಡುವುದೂ ತಪ್ಪು. ಮೀನು, ಮೊಟ್ಟೆ ಇದ್ದರೂ ಕಂದೇ ಬರುತ್ತದೆ. ಅಮ್ಮಿಯ ಮೀನೆಣ್ಣೆಗೂ ಕಂದು ತ್ರಿಕೋನ. ಮೀನಿಗಾಗಿ ಹಾಕಿದ್ದೋ, ಜೆಲಟಿನ್‌ಗಾಗಿ ಹಾಕಿದ್ದೋ? ಆ ಗುರುತು ಹೇಳುವುದಿಲ್ಲ.

ಹಾಗಾಗಿ ಪದಾರ್ಥಗಳ ಪಟ್ಟಿಗೇ ಬರಬೇಕು. ಕ್ಯಾಪ್ಸುಲ್ ಹೊದಿಕೆಯ ವಿವರ ಹೆಚ್ಚಾಗಿ ಪಟ್ಟಿಯ ಕೊನೆಯಲ್ಲಿ ಬರುತ್ತದೆ. ಅಲ್ಲಿ ಎಚ್‌ಪಿಎಂಸಿ, ಹೈಪ್ರೊಮೆಲೋಸ್ ಅಥವಾ ಪುಲುಲಾನ್ ಅಂತಿದ್ದರೆ ಹೊದಿಕೆ ಪ್ರಾಣಿಯದ್ದಲ್ಲ. ಬರೀ 'ಜೆಲಟಿನ್' ಅಂತಿದ್ದರೆ ಅಲ್ಲಿಗೆ ನಿಲ್ಲಿಸಿ, ಯಾವುದರದ್ದು ಎಂದು ತಿಳಿಯುವವರೆಗೆ.

ಐಎನ್‌ಎಸ್ ನಂಬರ್‌ಗಳ, ಅಂದರೆ ಆಹಾರಕ್ಕೆ ಬೆರೆಸುವ ಬಣ್ಣ, ಮೆರುಗು ಮುಂತಾದವುಗಳ ಸಂಖ್ಯೆಗಳ, ಉದ್ದ ಪಟ್ಟಿ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಅರ್ಧಕ್ಕರ್ಧ ಸುಮ್ನೆ ಹೆದರಿಸುವುದಕ್ಕೆ. ಸಪ್ಲಿಮೆಂಟ್ ಮಟ್ಟಿಗೆ ನಾಲ್ಕೈದು ನೆನಪಿದ್ದರೆ ಸಾಕು. 120 ಅಂದರೆ ಹುಳುವಿನಿಂದ ತೆಗೆದ ಕೆಂಪು ಬಣ್ಣ. 904 ಅದೇ ಶೆಲಾಕ್. 542 ಮೂಳೆಯ ಫಾಸ್ಫೇಟ್. 471 ಮತ್ತು ಮೆಗ್ನೀಸಿಯಂ ಸ್ಟಿಯರೇಟ್ ತಾಳೆ ಎಣ್ಣೆಯಿಂದಲೂ ಆಗುತ್ತವೆ, ಪ್ರಾಣಿ ಕೊಬ್ಬಿನಿಂದಲೂ ಆಗುತ್ತವೆ. ಈ ಎರಡಕ್ಕೆ ಹಸಿರು ಚುಕ್ಕೆ ಜೊತೆಗಿದ್ದರೆ ಚಿಂತೆ ಬೇಡ.

ವಿಟಮಿನ್ ಡಿ3 ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಬರುವುದು. ಜೀವಂತ ಕುರಿಯಿಂದ ಕತ್ತರಿಸಿದ ಉಣ್ಣೆ, ಅದಕ್ಕೆ ಅಡ್ಡಿ ಹೇಳುವವರು ಕಡಿಮೆ. ಅಲ್ಲೂ ನೋಡಬೇಕಾದ್ದು ಹೊದಿಕೆಯನ್ನೇ.

ಗ್ಲುಕೋಸಮೀನ್ ಕಥೆ ಬೇರೆ. ಹೆಚ್ಚಿನದು ಸೀಗಡಿ, ಏಡಿ ಚಿಪ್ಪಿನಿಂದ ಬರುತ್ತದೆ. ಜೋಳವನ್ನು ಹುದುಗಿಸಿ ಮಾಡಿದ್ದೂ ಸಿಗುತ್ತದೆ. ಭಟ್ಕಳದ ಕಡೆಯ ಶಾಫಿ ಪಂಥದವರಿಗೆ ಸೀಗಡಿ ಸಮಸ್ಯೆಯೇ ಅಲ್ಲ. ನಮ್ಮ ಕಡೆ ಹನಫಿ ಪಂಥದವರು ಜಾಸ್ತಿ. ಏಡಿ ಬೇಡ ಅನ್ನುತ್ತಾರೆ, ಸೀಗಡಿ ವಿಷಯದಲ್ಲಿ ಉಲಮಾಗಳಲ್ಲೇ (ಧರ್ಮ ವಿದ್ವಾಂಸರಲ್ಲೇ) ಎರಡು ಮಾತಿದೆ. ಇದನ್ನು ನಾನು ಪೇಪರಿನಲ್ಲಿ ಕೂತು ತೀರ್ಮಾನ ಮಾಡಲಾರೆ, ನಿಮ್ಮ ಮಸೀದಿಯ ಇಮಾಮರನ್ನೋ ಮುಫ್ತಿ ಸಾಹೇಬರನ್ನೋ ಕೇಳಿ. ಆದರೆ ಬರಿಗೈಲಿ ಹೋಗಬೇಡಿ. ಪಟ್ಟಿಯ ಫೋಟೋ ತೋರಿಸಿ. "ಹಜರತ್, ಮಂಡಿ ಮಾತ್ರೆ ತಗೋಬಹುದಾ?" ಅಂದರೆ ಪಾಪ ಅವರೇನು ಹೇಳಿಯಾರು?

ತಮ್ಮ ಜಿಮ್‌ಗೆ ಹೋಗುತ್ತಾನೆ, ಅವನದ್ದು ವೇ ಪ್ರೋಟೀನ್. ಹಾಲಿನದ್ದು, ಹಸಿರು ಚುಕ್ಕೆ ಇದೆ, ಇನ್ನೇನು ಅಂದ. ವೇ ಅಂದರೆ ಚೀಸ್ ಮಾಡುವಾಗ ಬಸಿದು ಬರುವ ನೀರು. ಹಾಲು ಒಡೆಯಲು ಹಾಕುವ ರೆನೆಟ್ ಕರುವಿನ ಹೊಟ್ಟೆಯದ್ದೂ ಇರಬಹುದು, ಸೂಕ್ಷ್ಮಜೀವಿಗಳಿಂದ ತೆಗೆದದ್ದೂ ಇರಬಹುದು. ಡಬ್ಬಿಯಲ್ಲಿ ಅದನ್ನು ಬರೆಯುವವರು ಅಪರೂಪ. ಕಂಪನಿಯನ್ನೇ ಕೇಳಬೇಕು.

ಆಯುರ್ವೇದದ ಅರಿಷ್ಟ, ಆಸವ ಕುಡಿಯುವವರು ಬಾಟಲಿಯ ಮೇಲಿನ ಸಣ್ಣ ಸಾಲು ಓದಿ. ಹುದುಗುವಾಗ ತಾನಾಗಿಯೇ ಹುಟ್ಟುವ ಆಲ್ಕೋಹಾಲ್ ಎಷ್ಟು ಎಂದು ಅಲ್ಲೇ ಇರುತ್ತದೆ.

"ಸಿಎಫ್‌ಟಿಆರ್‌ಐ ನಮ್ಮೂರಲ್ಲೇ ಇದೆಯಲ್ಲ ಅಕ್ಕಾ, ಟೆಸ್ಟ್ ಮಾಡಿಸಿದರೆ ಆಯ್ತು" ಅಂದ ತಮ್ಮ. 1950ರಿಂದ ನಮ್ಮೂರಿನ ಹೆಮ್ಮೆ ಆ ಆಹಾರ ಸಂಶೋಧನಾಲಯ, ನಿಜ. ಆದರೆ ಪ್ರಾಣಿ ಯಾವುದು ಅಂತ ಲ್ಯಾಬ್ ಹುಡುಕಬಹುದೇ ಹೊರತು, ಜಬೀಹಾ ಆಗಿತ್ತಾ ಅಂತ ಯಾವ ಲ್ಯಾಬೂ ಹೇಳಲಾರದು. ಅದು ಕಾಗದದಲ್ಲೇ ಗೊತ್ತಾಗಬೇಕು.

ಆ ಕಾಗದವೇ ಹಲಾಲ್ ಸರ್ಟಿಫಿಕೇಟ್. ನಮ್ಮಲ್ಲಿ ಸಪ್ಲಿಮೆಂಟಿಗೆ ಅದು ಕಡ್ಡಾಯವಲ್ಲ, ಬೇಕಾದ ಕಂಪನಿಗಳು ಪಡೆಯುತ್ತವೆ. ಡಬ್ಬಿ ಮೇಲೆ ಬರೀ 'ಹಲಾಲ್' ಅಂತ ಅಚ್ಚಾಗಿದ್ದರೆ ಸಾಲದು, ಕೊಟ್ಟವರು ಯಾರು ಎಂದು ಹೆಸರಿರಬೇಕು. ಹೊರದೇಶದ ಡಬ್ಬಿಯಾದರೆ ಮಲೇಷ್ಯಾ ಸರ್ಕಾರದ ಹಲಾಲ್ ಸರ್ಟಿಫಿಕೇಟ್ ಕೊಡುವ ಇಲಾಖೆ ಜಾಕಿಮ್‌ನ ಮುದ್ರೆ ಕಾಣಬಹುದು.

ಕಂಪನಿಗೆ ಬರೆಯುವಾಗ "ಇದು ಹಲಾಲಾ?" ಎಂದು ಕೇಳಬೇಡಿ. "ಹೌದು ಮೇಡಂ" ಅಂತ ಒಂದು ಸಾಲು ಬರುತ್ತದೆ, ಅಷ್ಟೇ. ಹೀಗೆ ಕೇಳಿ: ಜೆಲಟಿನ್ ಯಾವ ಪ್ರಾಣಿಯದ್ದು? ಸರ್ಟಿಫಿಕೇಟ್ ಯಾರದ್ದು, ಪ್ರತಿ ಕಳಿಸುತ್ತೀರಾ? ಡಬ್ಬಿಯ ಬ್ಯಾಚ್ ನಂಬರನ್ನೂ ಹಾಕಿ. ಕೊಲಾಜೆನ್ ಕಂಪನಿಯವರು ನಾಲ್ಕೇ ದಿನಕ್ಕೆ ಉತ್ತರ ಕೊಟ್ಟರು, ದನದ್ದು ಎಂದರು, ಸರ್ಟಿಫಿಕೇಟೂ ಕಳಿಸಿದರು. ಖುಷಿಯಾಗಿ ತೆರೆದು ನೋಡಿದರೆ ಅದರ ಅವಧಿ ಮುಗಿದು ಏಳು ತಿಂಗಳಾಗಿತ್ತು. ಉತ್ಪನ್ನದ ಹೆಸರು, ಫ್ಯಾಕ್ಟರಿ ವಿಳಾಸ, ಕೊನೆ ದಿನಾಂಕ, ಈ ಮೂರನ್ನೂ ಡಬ್ಬಿ ಜೊತೆ ಇಟ್ಟು ತಾಳೆ ನೋಡಿ.

ಒಂದು ಮಾತು ಮಾತ್ರ ಮರೆಯಬೇಡಿ. ಇದೆಲ್ಲ ನಾವಾಗಿ ಕೊಳ್ಳುವ ಸಪ್ಲಿಮೆಂಟಿಗೆ. ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಅನುಮಾನ ಬಂತೆಂದು ನೀವೇ ನಿಲ್ಲಿಸಬೇಡಿ. ಕ್ಯಾಪ್ಸುಲ್ ಬದಲು ಮಾತ್ರೆಯೋ ಸಿರಪ್ಪೋ ಇದೆಯಾ ಎಂದು ಅವರನ್ನೇ ಕೇಳಿ, ಎಷ್ಟೋ ಸಲ ಇರುತ್ತದೆ. ಬೇರೆ ದಾರಿ ಇಲ್ಲದಾಗ ಶರೀಯತ್ತಿನಲ್ಲೂ ರಿಯಾಯಿತಿ ಇದೆ.

ಅಮ್ಮಿಯ ಮೀನೆಣ್ಣೆ ಕಂಪನಿಯವರು ಮೀನಿನ ಜೆಲಟಿನ್ ಎಂದು ಬರೆದು ಕಳಿಸಿದರು. ಅದು ಊಟದ ಮೇಜಿಗೆ ಬಂತು. ಕೊಲಾಜೆನ್ ವಾಪಸ್ ಹೋಯಿತು. ಗ್ಲುಕೋಸಮೀನ್‌ನವರಿಂದ ಉತ್ತರ ಇನ್ನೂ ಬಂದಿಲ್ಲ, ಡಬ್ಬಿ ಫ್ರಿಜ್ ಮೇಲೇ ಇದೆ.